ಅಂತಾರಾಷ್ಟ್ರೀಯ ಒಪ್ಪಂದಗಳು ಹೂಡಿಯ ಬಾಗಿಲಿಗೆ ಬರುವುದು ಹೇಗೆ? ಮಾನವ ಹಕ್ಕು ಮತ್ತು ಪರಿಸರ ಸಂರಕ್ಷಣೆ: ಒಂದು ಪರಿಚಯ



ನಮ್ಮ ಕರಾವಳಿಯಲ್ಲಿ ಮಗನನ್ನೋ ಮಗಳನ್ನೋ ಬೆಂಗಳೂರಿಗೆ ಕಳುಹಿಸದ ಮನೆಗಳು ಇಂದು ಕಡಿಮೆ. ಹಾಗೆ ಹೋದವರಲ್ಲಿ ಅನೇಕರು ವೈಟ್‌ಫೀಲ್ಡ್, ಹೂಡಿ, ಮಹದೇವಪುರ, ಕೃಷ್ಣರಾಜಪುರದ ಕಡೆ ನೆಲೆಸಿದ್ದಾರೆ. ಕೆಲವರು ಐ.ಟಿ. ಕಂಪನಿಗಳಲ್ಲಿದ್ದಾರೆ, ಕೆಲವರು ಆಸ್ಪತ್ರೆಗಳಲ್ಲಿ ದಾದಿಯರು, ಇನ್ನು ಕೆಲವರು ಕಾರ್ಖಾನೆ, ಹೋಟೆಲುಗಳಲ್ಲಿ ದುಡಿಯುವವರು. ಒಂದು ಕಾಲದಲ್ಲಿ ಹೊಲ, ತೋಟ, ಕೆರೆಗಳ ಹಳ್ಳಿಯಾಗಿದ್ದ ಹೂಡಿಯಲ್ಲಿ ಈಗ ರೈಲು ನಿಲುಗಡೆಯಿದೆ, 2023ರ ಮಾರ್ಚಿನಿಂದ ಮೆಟ್ರೊ ನಿಲ್ದಾಣವೂ ಇದೆ. ಬಹುಮಹಡಿ ವಸತಿ ಸಮುಚ್ಚಯಗಳ ಪಕ್ಕದಲ್ಲೇ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳೂ ಇವೆ.

ಅಲ್ಲಿನ ನಮ್ಮವರು ರಜೆಗೆ ಊರಿಗೆ ಬಂದಾಗ ಹೇಳುವ ಮಾತುಗಳು ನಮಗೆಲ್ಲ ಗೊತ್ತು. ಕಿಟಕಿ ತೆರೆದರೆ ಧೂಳು, ಕೆರೆಯ ಹತ್ತಿರ ಹೋದರೆ ದುರ್ವಾಸನೆ, ಕೊಳವೆಬಾವಿ ಬತ್ತಿದರೆ ಟ್ಯಾಂಕರ್ ನೀರು. "ಇದನ್ನೆಲ್ಲ ಯಾರಲ್ಲಿ ಕೇಳುವುದು?" ಎಂಬುದು ಅವರ ಪ್ರಶ್ನೆ. ಇನ್ನೊಂದು ಕಡೆ, ಮಾನವ ಹಕ್ಕುಗಳ ಬಗ್ಗೆ, ಹವಾಮಾನದ ಬಗ್ಗೆ, ವಿಷಕಾರಿ ರಾಸಾಯನಿಕಗಳ ಬಗ್ಗೆ ಜಿನೀವಾದಲ್ಲೋ ಪ್ಯಾರಿಸಿನಲ್ಲೋ ದೇಶಗಳು ಒಪ್ಪಂದ ಮಾಡಿಕೊಂಡ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಈ ಎರಡಕ್ಕೂ ಏನಾದರೂ ಸಂಬಂಧವಿದೆಯೇ?

ಸಂಬಂಧ ಇದೆ. ಆದರೆ ಅದು ತಾನಾಗಿ ಉಂಟಾಗುವುದಿಲ್ಲ. ಸಹಿ ಹಾಕಿದ ಕಾಗದವು ಊರಿಗೆ ಇಳಿಯಬೇಕಾದರೆ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ದೇಶದ ಒಪ್ಪಿಗೆ, ಎರಡನೆಯದು ನಮ್ಮದೇ ಕಾನೂನು ಅಥವಾ ನ್ಯಾಯಾಲಯದ ತೀರ್ಪು, ಮೂರನೆಯದು ಸ್ಥಳದಲ್ಲಿ ನಿಂತು ಕೇಳುವ ಜನ. ಮೂರನೆಯ ಮೆಟ್ಟಿಲು ಇಲ್ಲದಿದ್ದರೆ ಮೊದಲ ಎರಡು ಇದ್ದೂ ಪ್ರಯೋಜನವಿಲ್ಲ. ಪಾಲನಾ ಮಂಡಳಿಯ ಸದಸ್ಯರಿಗೆ, ವಾರ್ಡಿನ ಗುರಿಕಾರರಿಗೆ, ಯುವಜನ ಸಂಘಟನೆಗಳಿಗೆ ಮತ್ತು ಸಮಾಜ ಸೇವೆಯಲ್ಲಿ ತೊಡಗಿದ ಎಲ್ಲರಿಗೂ ಉಪಯೋಗವಾಗಲೆಂದು ಈ ವಿಷಯವನ್ನು ಇಲ್ಲಿ ಕ್ರಮವಾಗಿ ಕೊಡುತ್ತಿದ್ದೇವೆ.

ಕೆಲವು ಪದಗಳ ಅರ್ಥ

ಘೋಷಣೆ: ದೇಶಗಳು ಸೇರಿ ಒಪ್ಪಿಕೊಂಡ ತತ್ವಗಳ ಪ್ರಕಟಣೆ. ಇದಕ್ಕೆ ನೈತಿಕ ಬಲ ದೊಡ್ಡದು. ಆದರೆ ಘೋಷಣೆ ಮಾತ್ರದಿಂದ ಕಾನೂನಿನ ಬಂಧನ ಉಂಟಾಗುವುದಿಲ್ಲ.

ಒಪ್ಪಂದ ಅಥವಾ ಒಡಂಬಡಿಕೆ: ಒಪ್ಪಿಕೊಂಡ ದೇಶವನ್ನು ಕಟ್ಟಿಹಾಕುವ ಬರಹ. 'ಒಡಂಬಡಿಕೆ' ಎಂಬ ಪದ ಪವಿತ್ರ ಗ್ರಂಥದ ಮೂಲಕ ನಮಗೆ ಹೊಸದಲ್ಲ. ಇಲ್ಲಿಯೂ ಅದರ ಅರ್ಥ ಕೊಟ್ಟ ಮಾತಿಗೆ ಬದ್ಧರಾಗಿರುವುದು ಎಂದೇ.

ಸಹಿ ಮತ್ತು ಅನುಮೋದನೆ: ಸಹಿ ಎಂದರೆ ಒಪ್ಪುವ ಇಚ್ಛೆಯನ್ನು ತೋರಿಸುವುದು. ಅನುಮೋದನೆಯಾದ ನಂತರವೇ ದೇಶವು ಒಪ್ಪಂದಕ್ಕೆ ಪೂರ್ಣವಾಗಿ ಬದ್ಧವಾಗುತ್ತದೆ. ಮದುವೆಯ ನಿಶ್ಚಿತಾರ್ಥಕ್ಕೂ ಮದುವೆಗೂ ಇರುವಷ್ಟು ವ್ಯತ್ಯಾಸ ಇವೆರಡರ ನಡುವೆ ಇದೆ.

ಷರತ್ತು ಮತ್ತು ವಿವರಣೆ: "ಈ ಒಂದು ಕಲಮನ್ನು ನಾವು ಹೀಗೆ ಅರ್ಥ ಮಾಡಿಕೊಳ್ಳುತ್ತೇವೆ" ಎಂದೋ "ಇದಕ್ಕೆ ನಾವು ಬದ್ಧರಲ್ಲ" ಎಂದೋ ದೇಶವೊಂದು ಸೇರುವಾಗಲೇ ಬರೆದುಕೊಡುವ ಮಾತು.

ಮಾನವ ಹಕ್ಕುಗಳ ಮುಖ್ಯ ಒಪ್ಪಂದಗಳು

ಎಲ್ಲಕ್ಕೂ ಬುನಾದಿ 1948ರ ಡಿಸೆಂಬರ್ 10ರಂದು ಪ್ಯಾರಿಸಿನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ. ಇದರಲ್ಲಿ 30 ಕಲಮುಗಳಿವೆ. ಮೊದಲ ಕಲಮಿನ ಕರಡಿನಲ್ಲಿ "ಎಲ್ಲ ಪುರುಷರು" ಎಂಬ ಅರ್ಥ ಕೊಡುವ ಪದವಿತ್ತು. ಅದನ್ನು "ಎಲ್ಲ ಮಾನವರು" ಎಂದು ಬದಲಾಯಿಸಬೇಕೆಂದು ಪಟ್ಟು ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ.

ಘೋಷಣೆಗೆ ಕಾನೂನಿನ ರೂಪ ಕೊಡಲು 1966ರಲ್ಲಿ ಎರಡು ಒಡಂಬಡಿಕೆಗಳು ಸಿದ್ಧವಾದವು. ಒಂದು ನಾಗರಿಕ ಮತ್ತು ರಾಜಕೀಯ ಹಕ್ಕುಗಳದ್ದು, ಇನ್ನೊಂದು ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳದ್ದು. ಎರಡೂ 1976ರಲ್ಲಿ ಜಾರಿಗೆ ಬಂದವು. ಭಾರತ 1979ರ ಏಪ್ರಿಲ್ 10ರಂದು ಎರಡಕ್ಕೂ ಸೇರಿತು. ಎರಡನೆಯ ಒಡಂಬಡಿಕೆಯ 12ನೇ ಕಲಮು ಆರೋಗ್ಯದ ಹಕ್ಕನ್ನು ಹೇಳುವಾಗ ಪರಿಸರದ ಮತ್ತು ಕೈಗಾರಿಕೆಯ ನೈರ್ಮಲ್ಯ ಸುಧಾರಿಸಬೇಕೆಂದು ಸೇರಿಸಿದೆ. ಅಂದರೆ ಪರಿಸರದ ಪ್ರಶ್ನೆ ಮಾನವ ಹಕ್ಕಿನೊಳಗೆ ಆಗಲೇ ಪ್ರವೇಶ ಮಾಡಿತ್ತು.

1989ರ ಮಕ್ಕಳ ಹಕ್ಕುಗಳ ಒಪ್ಪಂದಕ್ಕೆ ಭಾರತ 1992ರ ಡಿಸೆಂಬರಿನಲ್ಲಿ ಸೇರಿತು. ಅದರ 24ನೇ ಕಲಮು ಮಗುವಿನ ಆರೋಗ್ಯದ ಬಗ್ಗೆ ಹೇಳುವಾಗ ಶುದ್ಧ ಕುಡಿಯುವ ನೀರನ್ನೂ ಪರಿಸರ ಮಾಲಿನ್ಯದ ಅಪಾಯವನ್ನೂ ಹೆಸರಿಸಿ ಹೇಳುತ್ತದೆ. ಹೂಡಿಯ ತಗಡಿನ ಶೆಡ್ಡಿನಲ್ಲಿ ಬೆಳೆಯುವ ಮಗುವಿಗೂ ಈ ಕಲಮು ಅನ್ವಯಿಸುತ್ತದೆ ಎಂಬುದನ್ನು ನಾವು ನೆನಪಿಡಬೇಕು.

ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ 1979ರ ಒಪ್ಪಂದವನ್ನು ಭಾರತ 1993ರಲ್ಲಿ, ಅಂಗವಿಕಲರ ಹಕ್ಕುಗಳ 2006ರ ಒಪ್ಪಂದವನ್ನು 2007ರಲ್ಲಿ ಅನುಮೋದಿಸಿತು. ಬಾಲಕಾರ್ಮಿಕತನದ ವಿರುದ್ಧ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 138 ಮತ್ತು 182ನೇ ಒಪ್ಪಂದಗಳಿಗೆ 2017ರಲ್ಲಿ ಅನುಮೋದನೆ ನೀಡಿತು.

ಪರಿಸರದ ಮುಖ್ಯ ಒಪ್ಪಂದಗಳು

1972ರ ಜೂನ್ ತಿಂಗಳಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಮಾನವ ಪರಿಸರದ ಮೇಲೆ ವಿಶ್ವಸಂಸ್ಥೆಯ ಮೊದಲ ದೊಡ್ಡ ಸಮ್ಮೇಳನ ನಡೆಯಿತು. ಪ್ರಧಾನಿ ಇಂದಿರಾ ಗಾಂಧಿ ಅಲ್ಲಿ ಭಾಷಣ ಮಾಡಿದರು. ನಾವು ಜೂನ್ 5ರಂದು ಗಿಡ ನೆಟ್ಟು ಪರಿಸರ ದಿನ ಆಚರಿಸುವುದು ಆ ಸಮ್ಮೇಳನ ಆರಂಭವಾದ ದಿನದ ನೆನಪಿಗೆ. 1992ರಲ್ಲಿ ಬ್ರೆಜಿಲಿನ ರಿಯೋದಲ್ಲಿ ಎರಡನೆಯ ಮಹತ್ವದ ಸಮ್ಮೇಳನ ನಡೆಯಿತು. ರಿಯೋ ಘೋಷಣೆಯ 10ನೇ ತತ್ವ ನಮಗೆ ಬಹಳ ಮುಖ್ಯ. ಪರಿಸರದ ವಿಷಯದಲ್ಲಿ ಜನರಿಗೆ ಮಾಹಿತಿ ಸಿಗಬೇಕು, ನಿರ್ಧಾರದಲ್ಲಿ ಪಾಲು ಸಿಗಬೇಕು, ನ್ಯಾಯ ಕೇಳುವ ದಾರಿ ಇರಬೇಕು ಎಂದು ಅದು ಹೇಳುತ್ತದೆ. ಹಾನಿಯ ಬಗ್ಗೆ ವಿಜ್ಞಾನದ ಪೂರ್ಣ ಖಚಿತತೆ ಇಲ್ಲವೆಂಬ ನೆಪದಿಂದ ಎಚ್ಚರಿಕೆಯ ಕ್ರಮವನ್ನು ಮುಂದೂಡಬಾರದು ಎಂಬುದು 15ನೇ ತತ್ವ. ಮಲಿನ ಮಾಡಿದವನೇ ಖರ್ಚು ಭರಿಸಬೇಕು ಎಂಬುದು 16ನೇ ತತ್ವ.

ಇವು ಘೋಷಣೆಗಳು. ಭಾರತವನ್ನು ಬಂಧಿಸುವ ಒಪ್ಪಂದಗಳಲ್ಲಿ ಮುಖ್ಯವಾದವು ಹೀಗಿವೆ:

ರಾಮ್ಸಾರ್ ಒಪ್ಪಂದ (1971): ಜೌಗು ಪ್ರದೇಶಗಳ ರಕ್ಷಣೆ. ಭಾರತ ಸೇರಿದ್ದು 1982ರಲ್ಲಿ. ಕರ್ನಾಟಕದಿಂದ ಮೊದಲು ಪಟ್ಟಿಗೆ ಸೇರಿದ್ದು 2022ರಲ್ಲಿ ರಂಗನತಿಟ್ಟು. 2024ರಲ್ಲಿ ನಮ್ಮ ಉತ್ತರ ಕನ್ನಡದ ಅಘನಾಶಿನಿ ಅಳಿವೆಯೂ ಸೇರಿತು.

ಮಾಂಟ್ರಿಯಲ್ ಪ್ರೋಟೋಕಾಲ್ (1987): ಓಝೋನ್ ಪದರವನ್ನು ಹಾಳುಮಾಡುವ ಅನಿಲಗಳ ನಿಯಂತ್ರಣ. ಭಾರತ ಸೇರಿದ್ದು 1992ರಲ್ಲಿ.

ಬಾಸೆಲ್ ಒಪ್ಪಂದ (1989): ಅಪಾಯಕಾರಿ ತ್ಯಾಜ್ಯವನ್ನು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸುವುದರ ಮೇಲೆ ಹತೋಟಿ. ಭಾರತ 1992ರಲ್ಲಿ ಅನುಮೋದಿಸಿತು. ಹಳೆಯ ಕಂಪ್ಯೂಟರು, ಮೊಬೈಲುಗಳ ರಾಶಿ ಬೀಳುವ ವೈಟ್‌ಫೀಲ್ಡ್, ಹೂಡಿ ಕಡೆಯವರು ತಿಳಿದಿರಬೇಕಾದ ಒಪ್ಪಂದವಿದು. ದೇಶದೊಳಗಿನ ಇ-ತ್ಯಾಜ್ಯಕ್ಕೆ 2011ರಲ್ಲಿ ಪ್ರತ್ಯೇಕ ನಿಯಮ ಬಂತು. ಈಗ ಜಾರಿಯಲ್ಲಿರುವುದು 2022ರ ನಿಯಮ.

ಜೀವವೈವಿಧ್ಯ ಒಪ್ಪಂದ (1992): ಭಾರತ 1994ರಲ್ಲಿ ಅನುಮೋದಿಸಿ, 2002ರಲ್ಲಿ ಜೀವವೈವಿಧ್ಯ ಕಾಯಿದೆ ಮಾಡಿತು.

ಹವಾಮಾನ ಒಪ್ಪಂದ (1992) ಮತ್ತು ಪ್ಯಾರಿಸ್ ಒಪ್ಪಂದ (2015): ಎರಡನೆಯದನ್ನು ಭಾರತ ಅನುಮೋದಿಸಿದ್ದು 2016ರ ಗಾಂಧಿ ಜಯಂತಿಯಂದು.

ಸ್ಟಾಕ್‌ಹೋಮ್ ಒಪ್ಪಂದ (2001): ಮಣ್ಣು, ನೀರು, ದೇಹದಲ್ಲಿ ದೀರ್ಘಕಾಲ ಉಳಿಯುವ ವಿಷಗಳ ನಿಷೇಧ. 1972ರ ಸಮ್ಮೇಳನಕ್ಕೂ ಇದಕ್ಕೂ ಊರು ಒಂದೇ, ವಿಷಯ ಬೇರೆ. ಭಾರತ 2006ರಲ್ಲಿ ಅನುಮೋದಿಸಿತು.

ಮಿನಮಾಟಾ ಒಪ್ಪಂದ (2013): ಪಾದರಸದ ನಿಯಂತ್ರಣ. ಭಾರತ 2018ರಲ್ಲಿ ಅನುಮೋದಿಸಿತು.

ಧರ್ಮಸಭೆಯೂ ಈ ವಿಷಯದಿಂದ ದೂರ ನಿಂತಿಲ್ಲ. ಪೋಪ್ 23ನೇ ಜಾನ್ ಅವರು 1963ರ ವಿಶ್ವಪತ್ರದಲ್ಲಿ 1948ರ ಘೋಷಣೆಯನ್ನು ಮಹತ್ವದ ಹೆಜ್ಜೆಯೆಂದು ಗುರುತಿಸಿದ್ದರು. ಪೋಪ್ ಫ್ರಾನ್ಸಿಸ್ ಅವರ 2015ರ 'ಲೌದಾತೊ ಸಿ' ಬಾಸೆಲ್ ಒಪ್ಪಂದವನ್ನು ಹೆಸರಿಸಿಯೇ ಉಲ್ಲೇಖಿಸುತ್ತದೆ. 2022ರಲ್ಲಿ ವ್ಯಾಟಿಕನ್ ತಾನೇ ಪ್ಯಾರಿಸ್ ಒಪ್ಪಂದಕ್ಕೆ ಸೇರಿತು.

ಎರಡು ಹಾದಿಗಳು ಕೂಡಿದ್ದು

ಮಾನವ ಹಕ್ಕು ಒಂದು ಹಾದಿ, ಪರಿಸರ ಇನ್ನೊಂದು ಹಾದಿ ಎಂಬಂತೆ ಬಹಳ ಕಾಲ ನಡೆದವು. 2010ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಕುಡಿಯುವ ನೀರು ಮತ್ತು ನೈರ್ಮಲ್ಯವನ್ನು ಮಾನವ ಹಕ್ಕೆಂದು ಒಪ್ಪಿತು. ಸ್ವಚ್ಛ, ಆರೋಗ್ಯಕರ ಪರಿಸರವೇ ಒಂದು ಮಾನವ ಹಕ್ಕು ಎಂಬ ನಿರ್ಣಯ 2021ರ ಅಕ್ಟೋಬರಿನಲ್ಲಿ ಮಾನವ ಹಕ್ಕುಗಳ ಮಂಡಳಿಯ ಮುಂದೆ ಬಂದಾಗ 43 ದೇಶಗಳು ಪರವಾಗಿ ಮತ ಹಾಕಿದವು, ವಿರುದ್ಧ ಯಾರೂ ಇರಲಿಲ್ಲ, ಭಾರತವೂ ಸೇರಿ ನಾಲ್ಕು ದೇಶಗಳು ತಟಸ್ಥವಾಗಿ ಉಳಿದವು. 2022ರ ಜುಲೈ 28ರಂದು ಮಹಾಸಭೆಯಲ್ಲಿ ಅದೇ ಹಕ್ಕಿನ ನಿರ್ಣಯಕ್ಕೆ 161 ದೇಶಗಳು ಒಪ್ಪಿಗೆ ಕೊಟ್ಟವು. ಈ ಸಲ ಭಾರತ ಪರವಾಗಿ ಮತ ಹಾಕಿತಾದರೂ ತನ್ನ ಆಕ್ಷೇಪಗಳನ್ನು ದಾಖಲಿಸಿತು. ಇವು ನಿರ್ಣಯಗಳೇ ಹೊರತು ಒಪ್ಪಂದಗಳಲ್ಲ. 2025ರ ಜುಲೈ 23ರಂದು ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯವು ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ ಎಂಬ ಸಲಹಾ ಅಭಿಪ್ರಾಯ ಕೊಟ್ಟಿತು.

ಭಾರತದಲ್ಲಿ ಒಪ್ಪಂದವು ಕಾನೂನಾಗುವ ಬಗೆ

ನಮ್ಮ ದೇಶದಲ್ಲಿ ಒಪ್ಪಂದಕ್ಕೆ ಸಹಿ ಬಿದ್ದ ಮಾತ್ರಕ್ಕೆ ಅದನ್ನು ಹಿಡಿದು ತಾಲೂಕು ನ್ಯಾಯಾಲಯಕ್ಕೆ ಹೋಗಲು ಬರುವುದಿಲ್ಲ. ಸಂವಿಧಾನದ 51ನೇ ವಿಧಿಯು ಅಂತಾರಾಷ್ಟ್ರೀಯ ಕಾನೂನನ್ನು ಗೌರವಿಸಲು ಸರಕಾರ ಪ್ರಯತ್ನಿಸಬೇಕು ಎನ್ನುತ್ತದೆ. 253ನೇ ವಿಧಿಯು ಒಪ್ಪಂದವನ್ನು ಜಾರಿಗೆ ತರುವ ಕಾನೂನು ಮಾಡಲು ಸಂಸತ್ತಿಗೆ ಅಧಿಕಾರ ಕೊಡುತ್ತದೆ. 1981ರ ವಾಯು ಮಾಲಿನ್ಯ ಕಾಯಿದೆ, ಭೋಪಾಲ ದುರಂತದ ನಂತರ ಬಂದ 1986ರ ಪರಿಸರ ಸಂರಕ್ಷಣಾ ಕಾಯಿದೆ, 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯಿದೆ ಈ ಮೂರರ ಪ್ರಸ್ತಾವನೆಯಲ್ಲೂ 1972ರ ಸ್ಟಾಕ್‌ಹೋಮ್ ಸಮ್ಮೇಳನದ ಹೆಸರಿದೆ. ಹಸಿರು ನ್ಯಾಯಮಂಡಳಿಯ ಕಾಯಿದೆಯಲ್ಲಿ ರಿಯೋದ ಹೆಸರೂ ಇದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಬಂದದ್ದೂ ವಿಶ್ವಸಂಸ್ಥೆಯ ಒಪ್ಪಂದವನ್ನು ಜಾರಿಗೊಳಿಸಲಿಕ್ಕೇ.

ಇನ್ನೊಂದು ದಾರಿ ನ್ಯಾಯಾಲಯದ್ದು. ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಮಾಲಿನ್ಯವಿಲ್ಲದ ಗಾಳಿ ಮತ್ತು ನೀರಿನ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು. ತಮಿಳುನಾಡಿನ ಚರ್ಮ ಹದಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿ, 1996ರಲ್ಲಿ, ಮುಂಜಾಗ್ರತೆಯ ತತ್ವ ಮತ್ತು ಮಲಿನ ಮಾಡಿದವನೇ ತೆರಬೇಕೆಂಬ ತತ್ವ ಎರಡೂ ಈ ದೇಶದ ಕಾನೂನಿನ ಭಾಗವೆಂದು ತೀರ್ಪಿತ್ತಿತು. 1997ರ ವಿಶಾಖಾ ತೀರ್ಪಿನಲ್ಲಿ ಮಹಿಳೆಯರ ಕುರಿತ ಒಪ್ಪಂದವನ್ನು ಆಧರಿಸಿ, ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ ಮಾರ್ಗಸೂಚಿ ಕೊಟ್ಟಿತು. ಹೂಡಿಯ ಕಚೇರಿಗಳಲ್ಲಿ ಇಂದು ಕಾಣುವ ಆಂತರಿಕ ದೂರು ಸಮಿತಿ 2013ರ ಕಾಯಿದೆಯದು. ಅದರ ಮೂಲ ಆ ತೀರ್ಪು, ತೀರ್ಪಿಗೆ ಆಧಾರ ಒಪ್ಪಂದ. 2024ರಲ್ಲಿ ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆಯೂ ಒಂದು ಹಕ್ಕು ಎಂದು ಸುಪ್ರೀಂ ಕೋರ್ಟ್ ಗುರುತಿಸಿತು.

ಒಬ್ಬ ತಾಯಿಯ ಪತ್ರದ ಸಂಗತಿ ಇಲ್ಲಿ ಹೇಳಲೇಬೇಕು. 1979ರಲ್ಲಿ ಭಾರತ ಒಡಂಬಡಿಕೆಗೆ ಸೇರುವಾಗ, ಅಕ್ರಮ ಬಂಧನಕ್ಕೆ ಪರಿಹಾರ ಕೇಳುವ ಹಕ್ಕು ನಮ್ಮಲ್ಲಿಲ್ಲ ಎಂದು ಬರೆದುಕೊಟ್ಟಿತ್ತು. ಒಡಿಶಾದಲ್ಲಿ ಪೊಲೀಸ್ ವಶದಲ್ಲಿ ಸತ್ತ ಯುವಕನೊಬ್ಬನ ತಾಯಿ 1988ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ನ್ಯಾಯಾಲಯ ಅದನ್ನೇ ಅರ್ಜಿಯಾಗಿ ಸ್ವೀಕರಿಸಿ, 1993ರಲ್ಲಿ, ಅದೇ ಒಡಂಬಡಿಕೆಯ ಕಲಮನ್ನು ಉಲ್ಲೇಖಿಸಿ, ಆಕೆಗೆ ಒಂದೂವರೆ ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಸರಕಾರ ಇಲ್ಲವೆಂದದ್ದನ್ನು ಒಂದು ಪತ್ರ ಉಂಟುಮಾಡಿತು.

ಹೂಡಿಯ ಸುತ್ತಮುತ್ತ ನಡೆದದ್ದು

ಹೂಡಿಯ ಹತ್ತಿರ 'ಗ್ರಾಫೈಟ್ ಇಂಡಿಯಾ ಜಂಕ್ಷನ್' ಎಂಬ ವೃತ್ತ ಸಿಗುತ್ತದೆ. ಅಲ್ಲಿದ್ದ ಗ್ರಾಫೈಟ್ ಕಾರ್ಖಾನೆಯಿಂದ ಆ ಹೆಸರು ಬಂದಿದೆ. ಮೊದಲು ಕಾರ್ಖಾನೆ ಬಂತು, ಆಮೇಲೆ ಸುತ್ತಲೂ ಮನೆಗಳು ಬಂದವು. ನೆಲದ ಮೇಲೆ, ಬಟ್ಟೆಯ ಮೇಲೆ, ಮನೆಯ ಸಾಮಾನಿನ ಮೇಲೆ ಕರಿ ಧೂಳು ಕೂರುತ್ತಿದೆ ಎಂದು ನಿವಾಸಿಗಳು ವರ್ಷಗಟ್ಟಲೆ ದೂರಿದರು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರೆದರು, ಫೋಟೋ ಸಂಗ್ರಹಿಸಿದರು, ಪ್ರತಿಭಟನೆ ಮಾಡಿದರು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2019ರಲ್ಲಿ ಆ ಕಾರ್ಖಾನೆ ಮುಚ್ಚಿತು.

ಇಲ್ಲಿ ನಾವು ಒಂದು ಮಾತನ್ನು ಮರೆಯಬಾರದು. ಪರಿಸರದ ನೈರ್ಮಲ್ಯವನ್ನು ಹೇಳುವ ಅದೇ ಒಡಂಬಡಿಕೆ ದುಡಿಮೆಯ ಹಕ್ಕನ್ನೂ, ಸುರಕ್ಷಿತ ಕೆಲಸದ ಹಕ್ಕನ್ನೂ ಹೇಳುತ್ತದೆ. ಧೂಳು ಮೊದಲು ಸೇರುವುದು ಒಳಗೆ ದುಡಿಯುವವನ ಎದೆಗೆ. ಕಾರ್ಖಾನೆ ಮುಚ್ಚಿದಾಗ ಮೊದಲು ಕಷ್ಟಕ್ಕೆ ಬೀಳುವವನೂ ಅವನೇ. ನಿಯಮಗಳನ್ನು ಆರಂಭದಲ್ಲೇ ಬಿಗಿಯಾಗಿ ಪಾಲಿಸಿದರೆ ನಿವಾಸಿಯೂ ಕಾರ್ಮಿಕನೂ ಎದುರುಬದುರಾಗಿ ನಿಲ್ಲುವ ಸ್ಥಿತಿ ಬರುವುದಿಲ್ಲ. ಇಂಥ ಪ್ರಶ್ನೆ ಕೈಗೆತ್ತಿಕೊಳ್ಳುವ ನಮ್ಮ ಕಾರ್ಯಕರ್ತರು ಎರಡೂ ಕಡೆಯವರ ಮನೆಗೆ ಹೋಗಬೇಕು.

ಎರಡನೆಯ ಉದಾಹರಣೆ ಕೆರೆಗಳದ್ದು. ಹೂಡಿಯ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ವರ್ತೂರು ಕೆರೆ, ಅದರಾಚೆ ಬೆಳ್ಳಂದೂರು ಕೆರೆ ಇವೆ. ನಗರದ ಕೊಳಚೆ ನೀರು ಸೇರಿ ಇವುಗಳಲ್ಲಿ ನೊರೆ ಎದ್ದು ರಸ್ತೆಗೆ ಹಾರುತ್ತಿತ್ತು. ಬೆಳ್ಳಂದೂರು ಕೆರೆಯಲ್ಲಿ 2015ರಲ್ಲಿ, ಮತ್ತೆ 2017ರ ಫೆಬ್ರವರಿಯಲ್ಲಿ, 2018ರ ಜನವರಿಯಲ್ಲಿ ಬೆಂಕಿ ಹತ್ತಿತು. ನೀರಿಗೆ ಬೆಂಕಿ ಬಿದ್ದ ಸುದ್ದಿ ಪ್ರಪಂಚಕ್ಕೆಲ್ಲ ಹರಡಿತು. ಹಸಿರು ನ್ಯಾಯಮಂಡಳಿ 2017ರಲ್ಲಿ ಪ್ರಕರಣವನ್ನು ತಾನಾಗಿ ಕೈಗೆತ್ತಿಕೊಂಡಿತು. 2018ರ ಡಿಸೆಂಬರಿನಲ್ಲಿ ರಾಜ್ಯ ಸರಕಾರಕ್ಕೆ 50 ಕೋಟಿ, ಬೆಂಗಳೂರು ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ವಿಧಿಸಿ, ಕೆರೆಗಳ ಕೆಲಸಕ್ಕೆ 500 ಕೋಟಿ ತೆಗೆದಿಡುವಂತೆ ಆದೇಶಿಸಿತು. ಉಸ್ತುವಾರಿ ಸಮಿತಿಗೆ ಕರಾವಳಿ ಮೂಲದ ನಿವೃತ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರನ್ನು ಮುಖ್ಯಸ್ಥರನ್ನಾಗಿ ಮಾಡಿತು. ರಿಯೋದಲ್ಲಿ ಬರೆದ 'ಮಲಿನ ಮಾಡಿದವನೇ ತೆರಬೇಕು' ಎಂಬ ಸಾಲು ವರ್ತೂರಿಗೆ ಬಂದು ಮುಟ್ಟಲು 26 ವರ್ಷ ಬೇಕಾಯಿತು. ಅದೂ ಸರಕಾರವೇ ದಂಡ ತೆರಬೇಕಾದ ರೀತಿಯಲ್ಲಿ.

ನಮ್ಮ ನೆರೆಯ ಕಾಸರಗೋಡಿನ ಪಾಠ

ಅಂತಾರಾಷ್ಟ್ರೀಯ ಒಪ್ಪಂದವೊಂದು ಹಳ್ಳಿಯ ಮನೆಯನ್ನು ನೇರವಾಗಿ ತಲುಪಿದ ಉದಾಹರಣೆ ನಮ್ಮ ಮಗ್ಗುಲಲ್ಲೇ ಇದೆ. ಕಾಸರಗೋಡು ಜಿಲ್ಲೆಯಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ತೋಡು, ಬಾವಿ. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಕನ್ನಡ, ತುಳು ಮಾತಾಡುವ ಊರುಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯ, ನರರೋಗಗಳು ಮನೆಮನೆಯಲ್ಲಿ ಕಾಣತೊಡಗಿದವು. ಅಲ್ಲಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳ ವಿವರಗಳನ್ನು ದಾಖಲಿಸಿಟ್ಟರು. ಪತ್ರಕರ್ತ ಶ್ರೀಪಡ್ರೆ ಹೊರಗಿನ ಪ್ರಪಂಚಕ್ಕೆ ಬರೆದರು. ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡ ಸುತ್ತಲಿನ ಗೇರು ತೋಟಗಳಲ್ಲೂ ಇದೇ ಸಿಂಪಡಣೆ ನಡೆದಿತ್ತು, ಅಲ್ಲಿಯೂ ಇದೇ ಸಂಕಟ ಉಂಟಾಯಿತು.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಈ ವಿಷಯವನ್ನು ತೆಗೆದುಕೊಂಡು, 2010ರ ಡಿಸೆಂಬರಿನಲ್ಲಿ ಪರಿಹಾರಕ್ಕೆ ಶಿಫಾರಸು ಮಾಡಿತು. ಸ್ಟಾಕ್‌ಹೋಮ್ ಒಪ್ಪಂದದ ಸಭೆಯಲ್ಲಿ ಭಾರತ ನಿಷೇಧದ ಪರ ನಿಲ್ಲಬೇಕೆಂದೂ ಹೇಳಿತು. ಅಲ್ಲಿಯವರೆಗೆ ಭಾರತ ನಿಷೇಧವನ್ನು ವಿರೋಧಿಸುತ್ತಿತ್ತು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಎಂಡೋಸಲ್ಫಾನ್ ನಿಷೇಧದ ಪಟ್ಟಿಗೆ ಸೇರಿತು, ಕೆಲವು ಬೆಳೆಗಳಿಗೆ ತಾತ್ಕಾಲಿಕ ವಿನಾಯಿತಿಯೊಂದಿಗೆ. ಅದೇ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ, ಬಳಕೆಯನ್ನು ತಡೆಯಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡುವಂತೆ ಆದೇಶಿಸಿತು. 2022ರಲ್ಲಿ ಅದೇ ನ್ಯಾಯಾಲಯ, ಹಣ ಇನ್ನೂ ಬಹುತೇಕರಿಗೆ ತಲುಪಿಲ್ಲವೆಂದು ಕೇರಳ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ನಮ್ಮ ಜಿಲ್ಲೆಯಲ್ಲಿ ಹೈಕೋರ್ಟಿನ ಮಧ್ಯಪ್ರವೇಶದಿಂದ ಮಾಸಾಶನ ಮತ್ತು ಕೊಕ್ಕಡ, ಕೊಯಿಲಗಳಲ್ಲಿ ಆರೈಕೆ ಕೇಂದ್ರಗಳ ವ್ಯವಸ್ಥೆಯಾಯಿತು.

ಒಪ್ಪಂದದಿಂದ ವಿಷ ನಿಂತಿತು. ಆದರೆ ಹಾಸಿಗೆ ಹಿಡಿದ ಮಗುವನ್ನು ದಿನವೂ ಎತ್ತಿ ಸ್ನಾನ ಮಾಡಿಸುವ ತಾಯಿಯ ಕೆಲಸ ನಿಲ್ಲಲಿಲ್ಲ. ತನ್ನ ನಂತರ ಈ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ಆಕೆಯ ಪ್ರಶ್ನೆ. ಅದಕ್ಕೆ ಯಾವ ಒಪ್ಪಂದದಲ್ಲೂ ಪೂರ್ಣ ಉತ್ತರವಿಲ್ಲ. ಆ ಉತ್ತರದಲ್ಲಿ ನಮ್ಮ ಪಾಲೂ ಇದೆ.

ಒಪ್ಪಂದದ ನೆರಳು ಇಲ್ಲದ ಕಡೆಗಳು

ಎಲ್ಲ ಒಪ್ಪಂದಗಳಿಗೂ ಭಾರತ ಸೇರಿಲ್ಲ ಎಂಬುದೂ ತಿಳಿದಿರಬೇಕು. ಚಿತ್ರಹಿಂಸೆಯ ವಿರುದ್ಧದ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದರೂ ಅನುಮೋದನೆ ಆಗಿಲ್ಲ. ವಲಸೆ ಕಾರ್ಮಿಕರ ಹಕ್ಕುಗಳ 1990ರ ಒಪ್ಪಂದಕ್ಕೆ ಭಾರತವೂ ಸೇರಿಲ್ಲ, ನಮ್ಮವರು ದುಡಿಯಲು ಹೋಗುವ ಕೊಲ್ಲಿ ರಾಷ್ಟ್ರಗಳೂ ಸೇರಿಲ್ಲ. ಗಲ್ಫಿನಲ್ಲಿ ಪಾಸ್‌ಪೋರ್ಟು ಕಸಿದುಕೊಂಡಾಗ, ಸಂಬಳ ತಡೆಹಿಡಿದಾಗ ಈ ಒಪ್ಪಂದವನ್ನು ಮುಂದಿಟ್ಟು ಕೇಳಲು ಆಗದಿರುವುದಕ್ಕೆ ಇದೇ ಕಾರಣ. ಮನೆಗೆಲಸದವರ ಹಕ್ಕಿನ 2011ರ ಒಪ್ಪಂದವನ್ನೂ ಭಾರತ ಅನುಮೋದಿಸಿಲ್ಲ. ಹೂಡಿಯ ಬಹುಮಹಡಿ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸರಿಗೆ ಸಲ್ಲಬೇಕಾದ ಒಪ್ಪಂದವದು. ಅಲ್ಲಿ ವಾಸವಾಗಿರುವ ನಮ್ಮ ಕುಟುಂಬಗಳು ವಾರದ ರಜೆ, ಸರಿಯಾದ ಸಂಬಳ, ಗೌರವದ ಮಾತು ಇವನ್ನು ಕೊಡಲು ಸರಕಾರದ ಸಹಿಗಾಗಿ ಕಾಯಬೇಕಾಗಿಲ್ಲ.

ಕಾರ್ಯಕರ್ತರು ಏನು ಮಾಡಬಹುದು?

1. ದಿನಾಂಕ ಬರೆದಿಡಿ. ಹೊಗೆ, ವಾಸನೆ, ಕೊಳಚೆ ಯಾವ ದಿನ, ಯಾವ ಹೊತ್ತು, ಎಲ್ಲಿ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯಿರಿ, ಫೋಟೋ ಇಡಿ. ಕಾಸರಗೋಡಿನಲ್ಲೂ ಮಹದೇವಪುರದಲ್ಲೂ ಕೆಲಸಕ್ಕೆ ಬಂದದ್ದು ಇಂಥ ದಾಖಲೆಯೇ.

2. ಮೊದಲು ಸ್ಥಳೀಯ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕಾರ್ಖಾನೆಯ ವಿಷಯಕ್ಕೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಕಸ ಮತ್ತು ಚರಂಡಿಗೆ ನಗರ ಪಾಲಿಕೆ. 2025ರ ಸೆಪ್ಟೆಂಬರಿನಿಂದ ಹಳೆಯ ಮಹಾನಗರ ಪಾಲಿಕೆಯ ಬದಲು ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿವೆ. ಹೂಡಿ ಕಡೆಯವರಿಗೆ ಬೆಂಗಳೂರು ಪೂರ್ವ ನಗರ ಪಾಲಿಕೆ.

3. ಮಾಹಿತಿ ಹಕ್ಕು ಬಳಸಿ. 2005ರ ಕಾಯಿದೆಯಡಿ 10 ರೂಪಾಯಿ ಶುಲ್ಕದ ಅರ್ಜಿಯಲ್ಲಿ, ಕಾರ್ಖಾನೆಗೆ ಮಂಡಳಿ ಕೊಟ್ಟ ಸಮ್ಮತಿ ಪತ್ರದ ಷರತ್ತುಗಳ ಪ್ರತಿ ಕೇಳಬಹುದು. 30 ದಿನದೊಳಗೆ ಉತ್ತರ ಬರಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಎಂಬುದು ನೆನಪಿರಲಿ.

4. ಅವಧಿ ಮೀರಲು ಬಿಡಬೇಡಿ. ಹಸಿರು ನ್ಯಾಯಮಂಡಳಿಗೆ ಪರಿಸರದ ತಕರಾರನ್ನು, ಅದಕ್ಕೆ ಕಾರಣ ಹುಟ್ಟಿದ ಆರು ತಿಂಗಳೊಳಗೆ ಒಯ್ಯಬೇಕು. ಸಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು. ನಷ್ಟ ಪರಿಹಾರದ ಅರ್ಜಿಗೆ ಐದು ವರ್ಷ. ನಮ್ಮ ರಾಜ್ಯದ ಪ್ರಕರಣಗಳು ಚೆನ್ನೈಯ ದಕ್ಷಿಣ ಪೀಠಕ್ಕೆ ಹೋಗುತ್ತವೆ. ವಕೀಲರಿಲ್ಲದೆ ಸ್ವತಃ ವಾದಿಸಲೂ ಅವಕಾಶವಿದೆ.

5. ಮಾನವ ಹಕ್ಕುಗಳ ಆಯೋಗಕ್ಕೆ ಘಟನೆ ನಡೆದ ಒಂದು ವರ್ಷದೊಳಗೆ ಬರೆಯಬೇಕು. 1993ರ ಕಾಯಿದೆಯು 1966ರ ಎರಡು ಒಡಂಬಡಿಕೆಗಳನ್ನು ಹೆಸರಿಸಿಯೇ ಮಾನವ ಹಕ್ಕು ಎಂದರೇನು ಎಂದು ವಿವರಿಸಿದೆ. ಆದ್ದರಿಂದ ದೂರಿನಲ್ಲಿ ಸಂಬಂಧಪಟ್ಟ ಕಲಮನ್ನು ಉಲ್ಲೇಖಿಸಿ.

6. ಬಡವರಿಗೆ, ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಿ.

ವಿಶ್ವಸಂಸ್ಥೆಗೆ ನೇರವಾಗಿ ದೂರು ಕೊಡಬಹುದೇ ಎಂದು ಕೆಲವರು ಕೇಳುತ್ತಾರೆ. ವೈಯಕ್ತಿಕ ದೂರಿಗೆ ಅವಕಾಶ ಕೊಡುವ, 1966ರ ನಾಗರಿಕ ಹಕ್ಕುಗಳ ಒಡಂಬಡಿಕೆಯ ಪೂರಕ ಪ್ರೋಟೋಕಾಲಿಗೆ ಭಾರತ ಸೇರಿಲ್ಲ. ಆದುದರಿಂದ ಆ ಬಾಗಿಲು ನಮಗೆ ಮುಚ್ಚಿದೆ. ಮಾನವ ಹಕ್ಕುಗಳ ಮಂಡಳಿ ನೇಮಿಸಿದ ವಿಶೇಷ ವರದಿಗಾರರಿಗೆ ಯಾರೂ ಬರೆಯಬಹುದು. ಅವರು ಸರಕಾರದಿಂದ ವಿವರಣೆ ಕೇಳಬಲ್ಲರು, ಆದೇಶ ಕೊಡಲಾರರು. ಆದ್ದರಿಂದ ನಮ್ಮ ನಿಜವಾದ ಕೆಲಸ ನಮ್ಮ ಊರಿನ ಕಚೇರಿಗಳಲ್ಲಿ, ನಮ್ಮ ನ್ಯಾಯಾಲಯಗಳಲ್ಲಿಯೇ ಇದೆ.

ಕೊನೆಯ ಮಾತು

ಎಣ್ಮಕಜೆಯಿಂದ ಜಿನೀವಾಕ್ಕೆ ಒಬ್ಬ ವೈದ್ಯರ ಟಿಪ್ಪಣಿಗಳು ಹೋದವು. ಒಡಿಶಾದಿಂದ ದೆಹಲಿಗೆ ಒಬ್ಬ ತಾಯಿಯ ಪತ್ರ ಹೋಯಿತು. ಮಹದೇವಪುರದಿಂದ ಸುಪ್ರೀಂ ಕೋರ್ಟಿಗೆ ಕರಿ ಧೂಳಿನ ಫೋಟೋಗಳು ಹೋದವು. ಒಪ್ಪಂದಗಳು ಮೇಲಿನಿಂದ ಕೆಳಗೆ ಬಂದವೆಂದು ನಾವು ಭಾವಿಸುತ್ತೇವೆ. ಆದರೆ ಅವಕ್ಕೆ ಜೀವ ಬಂದದ್ದು ಪ್ರತಿ ಸಲವೂ ಕೆಳಗಿನಿಂದ ಮೇಲೆ ಹೋದ ಕಾಗದದಿಂದ.

ಈ ವರ್ಷ ಡಿಸೆಂಬರ್ 10ರ ಮಾನವ ಹಕ್ಕುಗಳ ದಿನವನ್ನಾಗಲಿ, ಜೂನ್ 5ರ ಪರಿಸರ ದಿನವನ್ನಾಗಲಿ ಆಚರಿಸುವಾಗ ಗಿಡ ನೆಡುವುದರ ಜೊತೆಗೆ ವಾರ್ಡಿನಲ್ಲಿ ಒಂದು ದಾಖಲೆ ಪುಸ್ತಕವನ್ನೂ ಆರಂಭಿಸಿರಿ ಎಂದು ನಮ್ಮ ವಿನಂತಿ. ಹೂಡಿಯಲ್ಲಿರುವ ನಿಮ್ಮ ಮಕ್ಕಳಿಗೂ ಈ ಮಾಹಿತಿಯನ್ನು ತಲುಪಿಸಿರಿ.